ಗುಂಡ್ಯಾನ ಹಲ್ಲು

ದಂತವೈದ್ಯರ ಕುರ್ಚಿ ಕಂಡರೆ ನನ್ನ ಧೈರ್ಯವೆಲ್ಲ ಎಲ್ಲಿಗೆ ಓಡಿಹೋಗುತ್ತದೋ ತಿಳಿಯದು. ಕುರ್ಚಿ ಹಿಂದಕ್ಕೆ ವಾಲುವ ಮೊದಲೇ ಕಣ್ಣು ಮುಚ್ಚಿಕೊಳ್ಳುವ ಗಂಡಸು ನಾನು. ಅಂಥವನು ಕಳೆದ ಚಳಿಗಾಲದಲ್ಲಿ ಇನ್ನೊಂದು ಜೀವದ ಹಲ್ಲು ಕತ್ತರಿಸಲು ಹೊರಟೆ. ಅದೂ ಮುಚ್ಚಳವಿದ್ದ ಬಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಪುಣೆಯ ಕೋಥರೂಡದಿಂದ ಸದಾಶಿವ ಪೇಠದವರೆಗೆ ರಿಕ್ಷಾದಲ್ಲಿ. ಬಕೆಟ್ಟಿನಲ್ಲಿ ಇದ್ದದ್ದು ಒಂದು ಮೀನು.

ಪಫರ್ ಎಂಬ ಜಾತಿಯದು. ಊರು ಬಿಡುತ್ತಿದ್ದ ಗೆಳತಿಯೊಬ್ಬಳು ಗಾಜಿನ ತೊಟ್ಟಿಯ ಸಮೇತ ನಮ್ಮ ಮಗಳು ಶ್ವೇತಾಳಿಗೆ ಕೊಟ್ಟುಹೋಗಿದ್ದಳು. ಹಳದಿ ಬೆನ್ನು, ಅದರ ಮೇಲೆ ಕಪ್ಪು ಚುಕ್ಕೆ, ಒಂದೊಂದು ಕಣ್ಣನ್ನು ಒಂದೊಂದು ಕಡೆಗೆ ಹೊರಳಿಸುವ ಗುಂಡು ಮುಖ. ಹೆದರಿದರೆ ನೀರು ನುಂಗಿ ಚೆಂಡಿನಂತೆ ಉಬ್ಬುತ್ತದಂತೆ. ನಮ್ಮ ಮನೆಯಲ್ಲಿ ಅದನ್ನು ಹೆದರಿಸುವವರು ಯಾರೂ ಇರಲಿಲ್ಲ. ಅವ್ವ ಅದಕ್ಕೆ ಗುಂಡ್ಯಾ ಎಂದು ಹೆಸರಿಟ್ಟಳು. ಅವಳು ಎದುರಿಗೆ ಬಂದು ಕುಳಿತರೆ ಸಾಕು, ಗುಂಡ್ಯಾ ಗಾಜಿಗೆ ಮೂತಿ ಒತ್ತಿ ಅತ್ತಿಂದಿತ್ತ ಕುಣಿಯುತ್ತಿದ್ದ. ದಾನಕ್ಕೆ ಬಂದ ಆಕಳ ಹಲ್ಲು ಎಣಿಸಬಾರದು ಎನ್ನುತ್ತಾರಲ್ಲ, ನಾವೂ ಇವನ ಹಲ್ಲು ಎಣಿಸಲು ಹೋಗಲಿಲ್ಲ.

ತೊಂದರೆ ಶುರುವಾದದ್ದು ಊಟದಿಂದ. ನಾವು ವಿಜಯಪುರದ ಕಡೆಯ ಲಿಂಗಾಯತರು, ಹೊಸ್ತಿಲು ದಾಟಿ ಮೊಟ್ಟೆ ಕೂಡ ಒಳಗೆ ಬಂದದ್ದಿಲ್ಲ. ಗುಂಡ್ಯಾನಿಗೋ ಸಿಗಡಿ ಬೇಕು, ಬಸವನಹುಳು ಬೇಕು. ಹುಳುವಿನ ಹೆಸರು ಕೇಳಿದ್ದೇ ಅವ್ವ ಎದ್ದು ಕುಳಿತಳು. "ಜೀವಂತ ಹುಳಾ ತಂದು, ಅದೂ ಬಸವಣ್ಣನ ಹೆಸರಿಂದು, ನನ್ನ ಕಣ್ಣ ಮುಂದ ಕೊಲ್ಲಸ್ತೀರೇನು?" ಎಂದಳು. ಕೊನೆಗೆ ಒಂದು ರಾಜಿಯಾಯಿತು. ಎದುರು ಮನೆಯ ವಾರಿಜಕ್ಕ ಕರಾವಳಿಯವರು, ಅವರ ಯಜಮಾನರದು ಹೋಟೆಲು. ಸಿಗಡಿ ಅವರ ಫ್ರಿಜ್ಜಿನಲ್ಲೇ ಇರಲಿ, ಗುಂಡ್ಯಾನ ಪಾಲು ಮಾತ್ರ ಈಚೆ ಬರಲಿ ಎಂದು. ವಾರಿಜಕ್ಕ ಸಿಗಡಿಯ ಚಿಪ್ಪು ಸುಲಿದು, ಸಣ್ಣಗೆ ಕೊಚ್ಚಿ, ಬಟ್ಟಲು ಮುಚ್ಚಿ ತಂದುಕೊಡುತ್ತಿದ್ದರು. "ಚಿಕ್ಕದಲ್ವಾ ಮಾರಾಯ್ರೆ, ಗಂಟಲಿಗೆ ಸಿಕ್ಕಿದ್ರೆ ಎಂತ ಮಾಡುದು?" ಎನ್ನುತ್ತಿದ್ದರು. ತಿನ್ನುವವರ ದಯೆಯೂ ತಿನ್ನದವರ ದಯೆಯೂ ಹೀಗೆ ಒಂದೇ ಬಟ್ಟಲಿನಲ್ಲಿ ಕೂಡಿದವು.

ಮೆತ್ತಗೆ ಮಾಡಿ ಕೊಡುವುದೇ ಪ್ರೀತಿ ಎಂಬುದು ನಮ್ಮ ಮನೆಯ ನಂಬಿಕೆ. ಅವ್ವನ ಒಂದೆರಡು ದವಡೆ ಹಲ್ಲು ಹೋದದ್ದೇ ತಡ, ನನ್ನ ಹೆಂಡತಿ ಸುಜಾತಾ ಅವಳ ರೊಟ್ಟಿಯನ್ನು ಹಾಲಿನಲ್ಲಿ ನೆನೆಸತೊಡಗಿದಳು. ಶೇಂಗಾ ಪುಡಿಯಾಯಿತು, ಗಜ್ಜರಿ ಬೆಂದು ಮುದ್ದೆಯಾಯಿತು. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ನಾವು ಸುದ್ದಿಯನ್ನೂ ಹಾಗೆಯೇ ಕೊಡುತ್ತಿದ್ದೆವು. ಬಾಗಲಕೋಟೆಯಲ್ಲಿ ಅವ್ವನ ತಂಗಿ, ನಮ್ಮ ಶಾಂತಾ ಚಿಗವ್ವ, ಹಾಸಿಗೆ ಹಿಡಿದಿದ್ದಳು. ಇನ್ನು ಬಹಳ ದಿನವಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅಲ್ಲಿಂದ ಫೋನು ಬಂದರೆ ನಾನು ಬಾಲ್ಕನಿಗೆ ಹೋಗಿ ಮಾತಾಡುತ್ತಿದ್ದೆ. ಒಳಗೆ ಬಂದು "ಆರಾಮ ಇದ್ದಾಳಂತ" ಎನ್ನುತ್ತಿದ್ದೆ. ವಯಸ್ಸಾದ ಜೀವ, ತಾಳಿಕೊಳ್ಳಲಾರದು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಅವ್ವ ಒಮ್ಮೆ ನನ್ನ ಮುಖ ನೋಡಿ, ಮತ್ತೆ ತೊಟ್ಟಿಯ ಕಡೆ ತಿರುಗುತ್ತಿದ್ದಳು.

ಹೀಗಿರುವಾಗ ಗುಂಡ್ಯಾ ಊಟ ಬಿಟ್ಟ. ಆಸೆಯೇನೂ ಹೋಗಿರಲಿಲ್ಲ. ತುಂಡಿನ ಹತ್ತಿರ ಓಡಿ ಬರುತ್ತಿದ್ದ, ಮೂತಿಯಿಂದ ಕುಟ್ಟುತ್ತಿದ್ದ, ಆಗದೆ ತಿರುಗಿ ಹೋಗುತ್ತಿದ್ದ. ಹೊಟ್ಟೆ ಒಳಕ್ಕೆ ಹೋಯಿತು. ಶ್ವೇತಾ ಟಾರ್ಚು ಹಿಡಿದು ನೋಡಿದರೆ ಮೇಲಿನ ಹಲ್ಲು ಬೆಳೆದು ಕೆಳಗಿನದರ ಮೇಲೆ ಬಾಗಿಲು ಹಾಕಿದಂತೆ ಇಳಿದಿತ್ತು. ಅಕ್ಕಿಕಾಳು ತೂರುವಷ್ಟೂ ಸಂದಿಯಿಲ್ಲ.

ಆಮೇಲೆ ನಾನು ಓದಿ ತಿಳಿದದ್ದು ಇಷ್ಟು. ಈ ಜಾತಿಗೆ ಇರುವುದು ನಾಲ್ಕೇ ಹಲ್ಲು, ಅವು ಕೂಡಿಕೊಂಡು ಗಿಳಿಯ ಕೊಕ್ಕಿನಂತಾಗಿರುತ್ತವೆ. ಇಲಿ, ಮೊಲಗಳ ಮುಂದಿನ ಹಲ್ಲಿನಂತೆ ಬದುಕಿರುವ ತನಕ ಬೆಳೆಯುತ್ತಲೇ ಇರುತ್ತವೆ. ಚಿಪ್ಪು ಒಡೆದು ತಿಂದರೆ ಮಾತ್ರ ಸವೆಯುತ್ತವೆ, ಇಲ್ಲದಿದ್ದರೆ ಬಾಯನ್ನೇ ಮುಚ್ಚಿಬಿಡುತ್ತವೆ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂದು ನಾವು ದೇವರನ್ನು ಆಡಿಕೊಳ್ಳುತ್ತೇವೆ. ಇಲ್ಲಿ ದೇವರು ಹಲ್ಲನ್ನೂ ಕೊಟ್ಟಿದ್ದ, ಕಡಲೆಯನ್ನೂ ಕೊಟ್ಟಿದ್ದ. ಸುಲಿದು ತೆಗೆದವರು ನಾವು. ಮನೆ ತುಂಬ ಪ್ರೀತಿ ಇಟ್ಟುಕೊಂಡು ಒಂದು ಜೀವವನ್ನು ಉಪವಾಸ ಕೆಡವಿದ್ದೆವು ಎಂಬ ಸಂಕಟ ನನ್ನನ್ನು ಈಗಲೂ ಬಿಟ್ಟಿಲ್ಲ.

ಮೀನಿನ ಹಲ್ಲು ನೋಡುವ ಡಾಕ್ಟರು ಪುಣೆಯಂಥ ಪುಣೆಯಲ್ಲೂ ಸುಲಭಕ್ಕೆ ಸಿಗಲಿಲ್ಲ. ಕೊನೆಗೆ ಸದಾಶಿವ ಪೇಠದಲ್ಲಿ ಹಕ್ಕಿಗಳಿಗೆ ಔಷಧ ಕೊಡುವ ಮರಾಠಿ ಡಾಕ್ಟರಮ್ಮ ಒಪ್ಪಿದರು. ಗುಂಡ್ಯಾನಿಗೆ ಮತ್ತು ಬರಿಸಲು ಲವಂಗದ ಎಣ್ಣೆ ಬೇಕೆಂದರು. ಅವ್ವ ತನ್ನ ಹಲ್ಲುನೋವಿನ ಸೀಸೆಯನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ತಾನೂ ರಿಕ್ಷಾ ಹತ್ತಿದಳು. ಎಣ್ಣೆ ಬೆರೆಸಿದ ನೀರಿನಲ್ಲಿ ಗುಂಡ್ಯಾ ಮೆಲ್ಲಗೆ ಓರೆಯಾದ. "ಹೋದನೇನೋ" ಎಂದು ಅವ್ವ ನನ್ನ ಕೈ ಹಿಡಿದಳು. ಡಾಕ್ಟರಮ್ಮ ಅವನನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು ಪುಟ್ಟ ಕತ್ತರಿಯಿಂದ ಹಲ್ಲಿನ ತುದಿ ತೆಗೆದರು. ನಾನು ಕಣ್ಣು ಮುಚ್ಚಿದ್ದೆ, ಅವ್ವ ಮುಚ್ಚಲಿಲ್ಲ. ಅವನನ್ನು ಮತ್ತೆ ನೀರಿಗೆ ಬಿಟ್ಟು ಕಿವಿರು ಆಡುವುದನ್ನು ನೋಡಿದ ಮೇಲೆ ಡಾಕ್ಟರಮ್ಮ ಅವ್ವನ ಕಡೆ ತಿರುಗಿ "ಆಜಿ, ಆತಾ ಲಾಡ್ ಪುರೇ" ಎಂದರು. ಮುದ್ದು ಮಾಡಿದ್ದು ಇನ್ನು ಸಾಕು ಎಂದು. ಗಟ್ಟಿ ಚಿಪ್ಪಿನದನ್ನು ತಿನ್ನಿಸದಿದ್ದರೆ ಮುಂದಿನ ಸಲ ಬದುಕಲಿಕ್ಕಿಲ್ಲ ಎಂದೂ ಹೇಳಿದರು. 

ಮರುದಿನ ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಅವಳು ತೊಟ್ಟಿಯ ಮುಂದೆ ಬಂದು ಕುಳಿತಳು. ಶ್ವೇತಾಳನ್ನು ಕರೆದು "ತಂದು ಹಾಕವ್ವಾ ಆ ಹುಳಾ. ಅದರ ಪಾಪ ನನಗಿರ್ಲಿ. ಅವನ ಬಾಯಿ ಅವಂಗ ದೇವರು ಕೊಟ್ಟದ್ದು" ಎಂದಳು. ಹುಳು ಗಾಜಿನ ಮೇಲೆ ಹರಿಯುವುದನ್ನು ನೋಡಿ ಅವಳ ಕಣ್ಣು ತುಂಬಿತು, ಆದರೂ ಎದ್ದು ಹೋಗಲಿಲ್ಲ. ಗುಂಡ್ಯಾ ದೂರದಿಂದ ನೋಡಿದ, ಸುತ್ತು ಹಾಕಿದ, ಹಿಂದೆ ಸರಿದ. ಮತ್ತೆ ಬಂದ. ಕಟಕ್ ಎಂದು ಸಣ್ಣ ಸದ್ದಾಯಿತು. ಚಿಪ್ಪಿನ ಚೂರು ತಳಕ್ಕೆ ಇಳಿಯಿತು.

ಅವ್ವ ಸುಮಾರು ಹೊತ್ತು ಅದನ್ನೇ ನೋಡಿದಳು. ಆಮೇಲೆ ನನ್ನ ಕಡೆ ತಿರುಗದೆ ಕೇಳಿದಳು:

"ಶಾಂತಾನ ಸುದ್ದಿ ಏನದಪಾ? ಖರೇ ಹೇಳು. ಮೆತ್ತಗ ಮಾಡಿ ಹೇಳಬ್ಯಾಡ."

ಹೇಳಿದೆ. ಎಲ್ಲವನ್ನೂ ಹೇಳಿದೆ. ಅವಳು ಅತ್ತಳು, ನಾನೂ ಅತ್ತೆ. ನಾನು ಹೆದರಿದ್ದಂತೆ ಅವಳಿಗೇನೂ ಆಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಅಡುಗೆಮನೆಯ ಕಡೆ ಕೂಗಿದಳು: "ಸುಜಾತಾ, ನಾಳೆ ಬಾಗಲಕೋಟಿಗೆ ಹೋಗೂದದ. ದಾರಿಗೆ ರೊಟ್ಟಿ ಕಟ್ಟು. ಖಡಕ್ ಇರ್ಲಿ, ಹಾಲು ಬ್ಯಾಡ."

ಬಸ್ಸು ಸೊಲ್ಲಾಪುರ ದಾಟಿದ ಮೇಲೆ ಅವ್ವ ಬುತ್ತಿ ಬಿಚ್ಚಿದಳು. ಕಿಟಕಿಯಾಚೆ ನೋಡುತ್ತ ರೊಟ್ಟಿ ಮುರಿದು, ಚೂರು ಚೂರೇ ಬಾಯಿಗಿಟ್ಟುಕೊಂಡು, ನಿಧಾನವಾಗಿ, ಸದ್ದು ಮಾಡುತ್ತ ಅಗಿದಳು. ಅವಳ ಬಾಯಲ್ಲಿ ಇನ್ನೂ ಇಷ್ಟು ಹಲ್ಲುಗಳಿವೆ ಎಂದು ನನಗೆ ಗೊತ್ತೇ ಇರಲಿಲ್ಲ.