ಕೊಕ್ಕಿಲ್ಲದ ಗಿಳಿ ಅಚ್ಚು

ಮೊನ್ನೆ ತಿ. ನರಸೀಪುರದ ಸಾಮಿಲ್ ಮುಂದೆ ಬಸ್ಸು ಕೆಟ್ಟು ನಿಂತ್ಕೊಂತು. ಕಿಟಕಿಯಿಂದ ನೆನೆದ ತೇಗದ ವಾಸ್ನೆ ಬಂತು ನೋಡಿ, ನನ್ನ ಬೆನ್ನು ತಾನಾಗೇ ನೆಟ್ಟಗಾಯ್ತು. ಈಗ ಬೈಗುಳ ಬೀಳುತ್ತೆ ಅಂತ ಮೈಯೆಲ್ಲಾ ಕಾಯ್ಕೊಂಡು ಕೂತಿತ್ತು. ಬೀಳಲಿಲ್ಲ... ಬೈಯೋ ದೊಡ್ಡಮ್ಮ ಈಗಿಲ್ಲ.

ದೊಡ್ಡಮ್ಮ ಅಂದ್ರೆ ನಮ್ಮಪ್ಪನ ಅಣ್ಣನ ಹೆಂಡ್ತಿ. ನಮ್ಮೂರು ಹೆಡತಲೇಲಿ ನಮ್ಮದೂ ಅವರದೂ ಒಂದೇ ಮನೆ ಆಗಿತ್ತಂತೆ. ನನಗೆ ಬುದ್ಧಿ ಬರೋ ಹೊತ್ತಿಗೆ ಪಾಲಾಗಿ ನಡುವೆ ಗೋಡೆ ಎದ್ದಿತ್ತು. (ಬುದ್ಧಿ ಬಂದಿದೆ ಅಂತ ದೊಡ್ಡಮ್ಮ ಕೊನೇವರೆಗೂ ಒಪ್ಪಲಿಲ್ಲ, ಅದು ಬೇರೆ.) ಪಾಲಲ್ಲಿ ನಮ್ಮಜ್ಜಿಯ ಸಕ್ಕರೆ ಅಚ್ಚುಗಳು ಆ ಕಡೆ ಹೋದ್ವು. ಸಕ್ಕರೆ ಪಾಕ ಹುಯ್ಯೋ ತೇಗದ ಅಚ್ಚು: ಆನೆ, ತುಳಸಿಕಟ್ಟೆ, ಗಿಳಿ. ನಮ್ಮವ್ವ ಹೊಲ ಹೋಗಿದ್ದನ್ನ ಮರ್ತರು, ಗಿಳಿ ಹೋಗಿದ್ದನ್ನ ಮರೀಲಿಲ್ಲ. ಪ್ರತಿ ಸಂಕ್ರಾಂತಿಗೂ ಅಂಗಡಿಯಿಂದ ತಂದ ಸಕ್ಕರೆ ಗೊಂಬೆನ ಎಳ್ಳಿನ ತಟ್ಟೇಲಿ ಇಡ್ತಾ, "ನಮ್ಮತ್ತೆ ಗಿಳಿ ಒಂದಿದ್ದಿದ್ರೆ ಈ ದರಿದ್ರ ಯಾಕೆ ಇಡ್ತಿದ್ದೆ" ಅಂತಿದ್ರು.

ನಾನು ಆಗ ತಾನೆ ನಂಜನಗೂಡಲ್ಲಿ ಒಂದು ಶೀಟ್ ಮನೆ ಹಿಡಿದು ಸಿಲಿಕೋನ್ ಅನ್ನೋ ರಬ್ಬರಲ್ಲಿ ಅಚ್ಚು ಮಾಡೋಕೆ ಶುರು ಮಾಡಿದ್ದೆ. ಅಂದ್ರೆ ವಿಡಿಯೋ ನೋಡ್ಕೊಂಡು ಅಂಗಿ, ಮೇಜು, ಒಂದ್ಸಲ ಎಡಗಡೆ ಹುಬ್ಬು, ಎಲ್ಲಾನೂ ಕೆಡಿಸ್ಕೊಂಡಿದ್ದೆ. ಇಂಥ ಮಹಾಶಿಲ್ಪಿ ಹೋಗಿ, ಒಂದಿನದ ಮಟ್ಟಿಗೆ ಗಿಳಿ ಅಚ್ಚು ಕೊಡಿ, ಅದರಂಗೇ ಇನ್ನೊಂದು ಮಾಡ್ಕೊಂಡು ವಾಪಸ್ ಕೊಡ್ತೀನಿ ಅಂತ ಕೇಳ್ದೆ.

"ನಿಮ್ಮವ್ವ ಕಳಿಸಿದ್ಲಾ?" ಅಂದ್ರು ದೊಡ್ಡಮ್ಮ. "ಮೊದ್ಲು ಓಗಿ ಕೈ ತೊಳ್ಕೊಂಡ್ ಬಾ."

ತೊಳ್ಕೊಂಡು ಬಂದೆ.

"ಈಗ್ಲೂ ಕೊಡಕಿಲ್ಲ. ಓಗ್ಲಾ."

ಆದ್ರೆ ಒಂದು ದಾರಿ ಇತ್ತು. ಎಷ್ಟೇ ಹಗೆ ಇದ್ರೂ ಹಬ್ಬದ ದಿನ ಎಳ್ಳು ಬೀರದೆ ಇರೋ ಹಂಗಿಲ್ಲ. ದೊಡ್ಡಮ್ಮ ಮುಖ ಆ ಕಡೆ ತಿರುಗಿಸ್ಕೊಂಡೇ ಬರ್ತಿದ್ರು, ಒಳ್ಳೇ ಮಾತಿರ್ಲಿ, ಮಾತೇ ಇಲ್ದೆ ಎಳ್ಳು, ಕಬ್ಬಿನ ತುಂಡು, ಒಂದು ಸಕ್ಕರೆ ಗಿಳಿ ಕುಕ್ಕಿ ಹೋಗ್ತಿದ್ರು. ಮರದ ಅಚ್ಚು ಸಿಗದಿದ್ರೆ ಏನಂತೆ, ಆ ಸಕ್ಕರೆ ಗಿಳಿ ಮೇಲೇ ಸಿಲಿಕೋನ್ ಸುರಿದ್ರೆ ಆಯ್ತಲ್ಲ.

ಅಚ್ಚಿಗೆ ಅಂಟದೆ ಬಿಟ್ಕೊಳ್ಳೋಕೆ ಏನಾದ್ರೂ ಸವರಬೇಕು, ಅದಕ್ಕೆ ರಿಲೀಸ್ ಏಜೆಂಟ್ ಅಂತಾರೆ. ಮೇಣ, ಜೆಲ್ಲಿ, ಸ್ಪ್ರೇ, ನೀರಲ್ಲಿ ಕಲಸೋದು, ನೂರೆಂಟು ಥರ. ಯಾವುದು ಅಂತ ನಾನು ಗೋಡೆ ಹತ್ತಿ ಕಲ್ತೆ. ಹಬ್ಬಕ್ಕೆ ಮುಂಚೆ ದೊಡ್ಡಮ್ಮ ಹಿತ್ತಲ ತೊಟ್ಟೀಲಿ ಅಚ್ಚುಗಳನ್ನ ನೀರಲ್ಲಿ ನೆನೆ ಹಾಕ್ತಿದ್ರು. ನೆನೆದ ಮರಕ್ಕೆ ಪಾಕ ಅಂಟಲ್ಲ. ಓಹೋ, ನೀರೇ ಗುಟ್ಟು ಅನ್ಕೊಂಡು ನೀರಲ್ಲಿ ಕಲಸೋ ಏಜೆಂಟೇ ತರಿಸ್ದೆ. ಹಬ್ಬದ ದಿನ ಊರಲ್ಲೇ, ನಮ್ಮ ಹಿತ್ತಲಲ್ಲಿ ಕೂತು ಸಕ್ಕರೆ ಗಿಳಿಗೆ ಸವರಿದೆ. ಮರ ಬೇರೆ ಸಕ್ಕರೆ ಬೇರೆ ಅನ್ನೋದು ನನ್ನ ತಲೆಗೆ ಹೋಗೋ ಮುಂಚೆ ಗಿಳಿ ಕೊಕ್ಕು ಕರಗಿ ನನ್ನ ಬೆರಳಿಗೆ ಮೆತ್ಕೊಂಡಿತ್ತು. ನೆಕ್ಕಿದೆ. ಸೋಪಿನ ರುಚಿ.

ಗೋಡೆ ಆಚೆಯಿಂದ ನಗು ಕೇಳ್ತು. "ಗಿಳಿಗೆ ಸ್ನಾನ ಮಾಡಿಸ್ದೇನ್ಲಾ?"

ಮುಂದಿನ ಸಂಕ್ರಾಂತಿಗೆ ಸಾಮಾನು ಮಾರೋರಿಗೆ ಫೋನ್ ಮಾಡ್ದೆ. "ಸಿಲಿಕೋನು ಸಕ್ಕರೆಗೆ ಅಂಟಲ್ಲ ಸಾ, ಏನೂ ಸವರಬೇಡಿ" ಅಂದ್ರು. ಇನ್ನೂ ಏನೋ ಹೇಳ್ತಿದ್ರು, ನಾನು ಖುಷೀಲಿ ಫೋನ್ ಇಟ್ಬಿಟ್ಟೆ. ಗಿಳಿಯ ಒಂದು ಮಗ್ಗುಲಿಗೆ ಸುರಿದು, ಗಟ್ಟಿಯಾದ್ಮೇಲೆ ತಿರುಗಿಸಿ ಇನ್ನೊಂದು ಮಗ್ಗುಲಿಗೆ ಸುರಿದೆ. ಅವರು ಹೇಳೋಕೆ ಹೊರಟಿದ್ದು ಇಷ್ಟೇ: ಸಿಲಿಕೋನು ಯಾವುದಕ್ಕೂ ಅಂಟಲ್ಲ, ಸಿಲಿಕೋನಿಗೇ ಅಂಟುತ್ತೆ. ಎರಡು ಹೋಳು ಸೇರಿ ಒಂದು ಇಟ್ಟಿಗೆ ಆಗಿತ್ತು, ಒಳಗೆ ಗಿಳಿಗೆ ಜೀವಾವಧಿ. ಬ್ಲೇಡ್ ಹಾಕಿ ಕುಯ್ದೆ. ಪುಡಿ ಬಂತು.

"ಮಗ ಗಿಳಿ ತಿಂದ, ಮುಂದಿನ್ ವರ್ಷ ಆನೆ ತಿಂತಾನೆ" ಅಂತ ದೊಡ್ಡಮ್ಮ ಬೀದೀಲಿ ಸಾರಿದ್ರು. ಅವ್ವ ನನ್ನ ಜೊತೆ ಎರಡು ದಿನ ಮಾತಾಡಲಿಲ್ಲ. ಸೋತಿದ್ದು ನಾನು, ಆದ್ರೆ ಅವಮಾನ ಆಗಿದ್ದು ಅವರಿಗೆ.

ಅದರ ಮುಂದಿನ ಹಬ್ಬಕ್ಕೆ ದೊಡ್ಡಮ್ಮ ಬಂದವರು, ನಮ್ಮ ಬಾಗ್ಲಲ್ಲಿ ನಿಂತು, ನನ್ನ ಕಣ್ಣೆದುರಿಗೇ ಗಿಳಿ ಕೊಕ್ಕನ್ನ ಎರಡು ಬೆರಳಲ್ಲಿ ಲಟಕ್ ಅಂತ ಮುರಿದು ಬಾಯಿಗೆ ಹಾಕ್ಕೊಂಡ್ರು. ಉಳಿದಿದ್ದನ್ನ ತಟ್ಟೇಲಿ ಇಟ್ರು.

"ತಗೋ. ಮಾಡ್ಕೋ ನಿನ್ ರಬ್ಬರ್ ಗಿಳಿಯ. ನಮ್ಮತ್ತೆ ಗಿಳಿ ಇಡಿಯಾಗಿ ನಿಮ್ಮವ್ವನ ತಟ್ಟೆಗೆ ಬರಕಿಲ್ಲ, ನಾ ಇರೋಗಂಟ."

ಹಟಕ್ಕೆ ಕೂತು ಮಾಡ್ದೆ. ಗಿಳಿಗೆ ಏನೂ ಸವರಲಿಲ್ಲ; ಎರಡು ಹೋಳಿನ ನಡುವೆ ಮಾತ್ರ ಪೆಟ್ರೋಲಿಯಂ ಜೆಲ್ಲಿ, ತೆಳ್ಳಗೆ. ಅಚ್ಚು ಬಾಳೆಹಣ್ಣಿನ ಸಿಪ್ಪೆ ಥರ ಬಿಚ್ಕೊಂತು. ರೆಕ್ಕೆ ಗೆರೆ, ಕುತ್ತಿಗೆ ಪಟ್ಟಿ, ಎಲ್ಲಾ ಇಳಿದಿತ್ತು. ಮುರಿದ ಜಾಗವೂ ಅಷ್ಟೇ ಚೆನ್ನಾಗಿ ಇಳಿದಿತ್ತು. ಅವ್ವ ನೋಡಿ, "ಮೂತಿ ಇಲ್ದಿರೋದನ್ನ ಯಾವ ಮೂತಿ ಇಟ್ಕೊಂಡು ಬೀರ್ಲಿ" ಅಂತ ಅಟ್ಟಕ್ಕೆ ಎಸೆದ್ರು. ಆಗ್ಲಿ, ಮುಂದಿನ ವರ್ಷ ಅವರು ಮುರಿಯೋ ಮುಂಚೆ ಕಿತ್ಕೊಂಡು ಓಡೋದು ಅಂತ ನಾನು ತೀರ್ಮಾನ ಮಾಡಿದ್ದೆ.

ಮುಂದಿನ ವರ್ಷ ದೊಡ್ಡಮ್ಮ ಅಚ್ಚುಗಳನ್ನ ತೊಟ್ಟೀಲಿ ನೆನೆ ಹಾಕಿದ ದಿನವೇ ಬಿದ್ರು. ಮೈಸೂರಿನ ಆಸ್ಪತ್ರೆಗೆ ಕರ್ಕೊಂಡು ಹೋದ್ರು... ವಾಪಸ್ ಮಾತಾಡ್ತಾ ಬರಲಿಲ್ಲ. ತೊಟ್ಟಿ ಮೇಲೆ ಮೊರ ಮುಚ್ಚಿತ್ತು, ಯಾರಿಗೂ ನೆನಪಾಗಲಿಲ್ಲ. ತಿಥಿ ಎಲ್ಲಾ ಮುಗಿದ್ಮೇಲೆ ಅವರ ಮಗ ಮೊರ ಎತ್ತಿ, ಕಪ್ಪಾಗಿ ಊದ್ಕೊಂಡಿದ್ದ ಅಚ್ಚುಗಳನ್ನ ಒಣಗಲಿ ಅಂತ ಉರಿ ಬಿಸಿಲಿಗೆ ಇಟ್ಟ. ಸಂಜೆ ಹೊತ್ತಿಗೆ ಎಲ್ಲಾ ಸೀಳಿದ್ವು. ಗಿಳಿ ಕುತ್ತಿಗೆ ಹತ್ರ ಎರಡಾಗಿತ್ತು. ನೆನೆದ ತೇಗದ ವಾಸ್ನೆ ಗೋಡೆ ದಾಟಿ ನಮ್ಮ ಹಜಾರಕ್ಕೆ ಬಂತು. ಅವ್ವ ಎದ್ದು ಹೋಗಿ ಅಟ್ಟದಿಂದ ರಬ್ಬರ್ ಅಚ್ಚು ಇಳಿಸಿ, ಸೆರಗಲ್ಲಿ ಒರೆಸಿದ್ರು.

"ಕೊಕ್ಕು ನಾನು ಮಾಡಿ ಅಂಟಿಸ್ಲಾ?" ಅಂದೆ.

"ಮುಟ್ಬೇಡ. ಆ ಹಾಳು ಹೆಂಗ್ಸು ಮುರಿದಿದ್ದು ಹಂಗೇ ಇರ್ಲಿ."

ಬಸ್ಸು ರಿಪೇರಿ ಆಗಿ ಹೊರಡ್ತು. ನಾನು ಹೊರಟಿದ್ದು ಒಂದು ಸ್ವೀಟ್ ಅಂಗಡಿಗೆ, ಬ್ಯಾಗಲ್ಲಿ ಮಾದರಿಗೆ ಅಂತ ಆ ರಬ್ಬರ್ ಅಚ್ಚಲ್ಲಿ ಹುಯ್ದ ಸಕ್ಕರೆ ಗಿಳಿ ಇತ್ತು. ಅಂಗಡಿಯವರು ತಿರುಗಿಸಿ ತಿರುಗಿಸಿ ನೋಡಿ, "ಕೆಲ್ಸ ಬೊಂಬಾಟಾಗೈತೆ. ಒಂದು ಕೊಕ್ಕಿಟ್ಕೊಂಡು ಬನ್ನಿ, ಎಷ್ಟಾದ್ರೂ ತಗೋತೀನಿ" ಅಂದ್ರು.

"ಆಗಲ್ಲ ಸಾ" ಅಂದೆ.

"ಯಾಕೆ, ಬರಲ್ವಾ?"

ಬರುತ್ತೆ, ಆದ್ರೆ ಬೈಸ್ಕೋಬೇಕಾಗುತ್ತೆ ಅನ್ನೋಕೆ ಹೊರಟೆ. ಯಾರ ಹತ್ರ ಅಂತ ಕೇಳಿದ್ರೆ ಏನು ಹೇಳೋದು... ಗಿಳಿ ಬ್ಯಾಗಿಗೆ ಹಾಕ್ಕೊಂಡು ವಾಪಸ್ ಬಸ್ ಹತ್ತಿದೆ.