ಬುಡ ತಿರುವಿ ನೋಡದ ಕೊಂಬು

ಚಾಚಾ ಅವರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಆ ಬೋಳು ಬೆರಳನ್ನು ಜಿಂಕೆ ನೆಕ್ಕುತ್ತಿದ್ದರೆ ಅವರು ಬೇವಿನ ನೆರಳಲ್ಲಿ ಕಣ್ಣು ಮುಚ್ಚಿ ಕುಕ್ಕರಿಸಿರುತ್ತಿದ್ದರು. ಎಲೆಗಳ ಸಂದಿಯಿಂದ ಇಳಿದ ಬಿಸಿಲು ಇಬ್ಬರ ಮೈಮೇಲೂ ಚುಕ್ಕೆ ಹಾಕುತ್ತಿತ್ತು. ಇಷ್ಟು ವರ್ಷಗಳ ಮೇಲೆ ನೆನೆದರೆ, ಯಾವುದು ಜಿಂಕೆಯ ಚುಕ್ಕೆ, ಯಾವುದು ಬಿಸಿಲಿನದು ಎಂದು ನನಗೆ ತಿಳಿಯುವುದಿಲ್ಲ.

ಅದು ನಿಜಾಮರ ಕಾಲ. ಹೈಸ್ಕೂಲು ಮುಗಿಸಿದ ಗರ್ವದಲ್ಲಿ ನಾನು ಜೇವರ್ಗಿ ಸೀಮೆಯ ಒಂದು ವಾಡೆಯಲ್ಲಿ ಕಾರಕೂನನಾಗಿದ್ದೆ. ವಾಡೆಯ ಗೌಡರಿಗೆ ಯಾರೋ ದೂರದ ಕಾಡಿನಿಂದ ಚುಕ್ಕೆ ಜಿಂಕೆಯೊಂದನ್ನು ಕಾಣಿಕೆ ಕಳಿಸಿದ್ದರು. ಅದನ್ನು ಸಾಕಿದ ಚಾಚಾ ಅದರ ಜೊತೆಗೇ ಬಂದರು. ಅಫಜಲಪುರದವರು, ಪ್ರಾಯವೆಲ್ಲ ಅಡವಿಯಲ್ಲಿ ಕಳೆದವರು. ರೊಟ್ಟಿ ಮುರಿದರೆ ಮೊದಲ ತುಂಡು ಜಿಂಕೆಗೆ. "ಅದು ನನಗಿಂತ ಷರೀಫ್ ಅದರಿ," ಎನ್ನುತ್ತಿದ್ದರು, "ಬೈಯಾಕ ಬರಂಗಿಲ್ಲ."

ಹಿಂಗಾರಿ ಜೋಳ ಬಿತ್ತುವ ದಿನಗಳು. ಒಂದು ಮುಂಜಾನೆ ಚಾಚಾ ಎರಡೂ ಕೊಂಬುಗಳನ್ನು ಹೆಗಲವಸ್ತ್ರದಲ್ಲಿ ಸುತ್ತಿ ತಂದು ಗೌಡರ ಮುಂದಿಟ್ಟರು. ಜಿಂಕೆಯ ತಲೆಯ ಮೇಲೆ ಎರಡು ಹಸಿ ಗಾಯಗಳಿದ್ದವು.

"ಹಾಯ್ತದಂತ ಹೆದರಿ ಕೊಯ್ದೇನಲೇ?" ಗೌಡರು ಗುಡುಗಿದರು.

"ಕೊಯ್ದಿಲ್ರಿ ಮಾಲಕ್, ತಾವೇ ಬಿದ್ದಾವ. ಬೆದಿ ಮುಗೀತು, ಮೈಯಾಗಿನ ಸೊಕ್ಕು ಇಳೀತು, ಬುಡ ಸಡ್ಲಾತು. ವರ್ಷಾ ಹಿಂಗೇ. ಮತ್ತ ಬರ್ತಾವ."

"ಹಾಲಹಲ್ಲೇನಲೇ, ಬಿದ್ದು ಬರಾಕ?" ಗೌಡರು ನನ್ನತ್ತ ತಿರುಗಿದರು. "ನೀ ಓದಿದಾಂವ. ಹೇಳು."

ನಮ್ಮ ಎರಿಹೊಲಗಳಲ್ಲಿ ನಾವು ಕಂಡದ್ದು ಚಿಗರಿಗಳನ್ನು, ಅಂದರೆ ಕೃಷ್ಣಮೃಗಗಳನ್ನು ಮಾತ್ರ. ಚಿಗರಿಯ ಕೊಂಬು ಸಾಯುವವರೆಗೂ ಬೀಳುವುದಿಲ್ಲ.

"ಕೊಂಬು ಬೀಳಂಗಿಲ್ರಿ," ಎಂದೆ. "ಪುಸ್ತಕದಾಗೂ ಹಂಗೇ ಅದ." ಅಂಥ ಪುಸ್ತಕವನ್ನು ನಾನು ಓದಿಯೇ ಇರಲಿಲ್ಲ.

ಚಾಚಾ ಒಂದು ಕೊಂಬನ್ನು ನನ್ನತ್ತ ಹಿಡಿದರು. "ಬುಡ ತಿರುವಿ ನೋಡ್ರಿ, ಕಾರಕೂನ್ ಸಾಬ್. ಗರಗಸದ ಗುರ್ತು ಅದೇನು?"

ನಾನು ನೋಡಲಿಲ್ಲ. ಗೌಡರು ಅಂದೇ ಅವರನ್ನು ಹೊರಗೆ ಹಾಕಿದರು.

ಕೆಲವು ವಾರಗಳಲ್ಲಿ ಗಾಯ ಮಾಗಿ, ಅಲ್ಲಿ ಎರಡು ಮೊಗ್ಗು ಎದ್ದವು. ಮೇಲೆ ಮಖಮಲ್ಲಿನಂಥ ತೊಗಲು. ಮುಟ್ಟಿದೆ, ಬೆಚ್ಚಗಿತ್ತು. ಗೌಡರು ಕಂಡು, "ಮುದುಕ ಖರೇನ ಹೇಳಿದ್ದ," ಎಂದು ನಕ್ಕರು, ಕರೆಸಲಿಲ್ಲ. ಕರೆಸಿರಿ ಎಂದು ನಾನೂ ಹೇಳಲಿಲ್ಲ. ಹೇಳಿದ್ದರೆ ನನ್ನ ಓದಿನ ಬೆಲೆ ಹೋಗುತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ, ಮನಸ್ಸು ತಡೆಯದೆ ಅಫಜಲಪುರಕ್ಕೆ ಹೋದೆ. ಹಾಸಿಗೆ ಹಿಡಿದಿದ್ದ ಚಾಚಾ ಅಂಗಳದ ಎಳೆಬಿಸಿಲಲ್ಲಿ ಮಲಗಿದ್ದರು. ನಾನು ಬಾಯಿ ತೆರೆಯುವ ಮೊದಲೇ ಕೇಳಿದರು: "ಹೊಸಾ ಕೊಂಬಿಗೆ ನೊಣಾ ಮುತ್ತತಾವ. ಬೇವಿನೆಣ್ಣಿ ಹಚ್ಚೀರಿಲ್ಲೋ?"

"ಹಚ್ಚೇವ್ರಿ ಚಾಚಾ."

ಅದೂ ಸುಳ್ಳು. ಅವರು ಕಣ್ಣು ಮುಚ್ಚಿ ನಕ್ಕರು. ಆ ಬೋಳು ಬೆರಳು ಗಾಳಿಯಲ್ಲಿ ಏನನ್ನೋ ಸವರಿತು. ತಪ್ಪಾಯಿತು ಎನ್ನದೆಯೇ ನಾನು ಎದ್ದೆ.

ಮರಳಿ ಬಂದು ದಿನವೂ ಎಣ್ಣೆ ಹಚ್ಚಿದೆ. ಯುಗಾದಿಯ ಹೊತ್ತಿಗೆ ಜಿಂಕೆ ಒಣಗಿದ ತೊಗಲನ್ನು ಬೇವಿನ ಬೊಡ್ಡೆಗೆ ತಿಕ್ಕಿ ಉದುರಿಸಿತು. ಹೊಸ ಕೊಂಬು ಹೊಳೆದವು. ಇದನ್ನಾದರೂ ಹೇಳೋಣವೆಂದು ಹೋದೆ. ಚಾಚಾ ತೀರಿಕೊಂಡು ಎಂಟು ದಿನವಾಗಿತ್ತು.

ಬಿದ್ದ ಕೊಂಬುಗಳಲ್ಲಿ ಒಂದು ಈಗಲೂ ನನ್ನ ಟ್ರಂಕಿನಲ್ಲಿದೆ. ಆಗಾಗ ಬುಡ ತಿರುವಿ ಬೆರಳಾಡಿಸುತ್ತೇನೆ. ಜೋಳದ ಕಾಳು ಒತ್ತಿ ಕೂರಿಸಿದಂತೆ ತರಿತರಿ. ಗರಗಸದ ಗುರುತು ಎಲ್ಲೂ ಇಲ್ಲ.