ತಡಿ ಅಂದರೆ ಎರಡು ಅರ್ಥ

ಎದುರಾಳಿಯ ತೊಡೆಗೆ ಎರಡೂ ಕೈ ಸುತ್ತಿ ಆಕೆಯನ್ನು ನೆಲಕ್ಕೆ ಕೆಡವಿದ್ದೆ. ಪಕ್ಕದಲ್ಲಿ ಒಂದು ಹಳದಿ ವಸ್ತ್ರ ಬಂದು ಬಿತ್ತು. ಬೆಟಗೇರಿಯ ಕಬಡ್ಡಿಯಲ್ಲಿ ಇಂಥ ಹಿಡಿತಕ್ಕೆ ಶಿಳ್ಳೆ ಬೀಳುತ್ತಿತ್ತು. ಇಲ್ಲಿ ವಸ್ತ್ರ ಎಸೆದು ಮೆಚ್ಚುತ್ತಾರೇನೋ ಎಂದುಕೊಂಡು ಎದ್ದು ಕೈ ಎತ್ತಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ರೆಫರಿ ನಮ್ಮ ತಂಡವನ್ನು ಹತ್ತು ಗಜ ಹಿಂದಕ್ಕೆ ಕಳಿಸಿದರು.

ಗದಗ ಜಿಲ್ಲೆಯಾದ ವರ್ಷವೇ ಹುಟ್ಟಿದವಳು ನಾನು. ಈಗ ಅಮೆರಿಕದ ಒಹಾಯೋ ರಾಜ್ಯದ ಸಣ್ಣ ಊರೊಂದರಲ್ಲಿ ನರ್ಸ್. ಬಟ್ಟೆ ಒಗೆಯುವ ಯಂತ್ರಗಳ ಅಂಗಡಿಯ ಮೇಲೆ ನನ್ನ ಕೋಣೆ. ನೆಲ ಬೆಟಗೇರಿಯ ಮಗ್ಗದ ಮನೆಯಂತೆ ಸಣ್ಣಗೆ ಅದುರುತ್ತದೆ. ಅದಿಲ್ಲದಿದ್ದರೆ ನಿದ್ದೆ ಬರುತ್ತಿರಲಿಲ್ಲ. ಮೊದಲ ಚಳಿಗಾಲ ಕೆಲಸದ ಮಾತು ಬಿಟ್ಟರೆ ಬೇರೆ ಮಾತೇ ಇರಲಿಲ್ಲ. ಆಮೇಲೆ ಆಸ್ಪತ್ರೆಯ ಅಡುಗೆಯಾಕೆ ಡೋನಾ ನನ್ನ ಎತ್ತರ ನೋಡಿ, ತಾನು ಕಲಿಸುವ ಹೆಂಗಸರ ಫುಟ್‌ಬಾಲ್ ತಂಡಕ್ಕೆ ಕರೆದಳು. ಇಲ್ಲಿನ ಫುಟ್‌ಬಾಲಿನಲ್ಲಿ ಚೆಂಡು ಇರುವುದು ಹೆಚ್ಚಾಗಿ ಕೈಯಲ್ಲೇ.

ನನ್ನ ಜಾಗಕ್ಕೆ ಟೈಟ್ ಎಂಡ್ ಎನ್ನುತ್ತಾರೆ. ಗೋಡೆಯಂತೆ ನಿಂತ ಸಾಲಿನ ಕೊನೆಯವಳು. ಕೆಲವು ಸಲ ಓಡಿಹೋಗಿ ಚೆಂಡು ಹಿಡಿಯಬೇಕು. ಕೆಲವು ಸಲ ಎದುರಾಳಿಯನ್ನು ದೂಡಿ ತಡೆಯಬೇಕು. ಅದು ಬ್ಲಾಕ್. ಚೆಂಡು ನನ್ನ ಕೈಯಿಂದ ಜಾರುತ್ತಿರಲಿಲ್ಲ. ತಡೆಯುವಾಗ ಮಾತ್ರ, ಕಳಸಾಪುರದ ಕರಿನೆಲದಲ್ಲಿ ಕಬಡ್ಡಿ ಆಡಿದ ಕೈ ತಾನಾಗಿ ಸುತ್ತಿಕೊಳ್ಳುತ್ತಿತ್ತು. ಇಲ್ಲಿ ಅಂಗೈಯಿಂದ ದೂಡಬಹುದು, ಹಿಡಿಯುವಂತಿಲ್ಲ; ಹಿಡಿದರೆ ತಪ್ಪೆಂದು ಹಳದಿ ವಸ್ತ್ರ ಬೀಳುತ್ತದೆ.

“ಚೆಂಡು ಹಿಡೀತೀನಲ್ಲ, ಸಾಲದೇ?” ಎಂದೆ.

“ಹಿಡಿಯೋಕಷ್ಟೇ ನೀನು ಬಂದರೆ, ನಿನ್ನನ್ನು ನೋಡಿದ ಕೂಡಲೇ ಚೆಂಡು ಎಸೀತೀವಿ ಅಂತ ಅವರಿಗೆ ಗೊತ್ತಾಗುತ್ತೆ. ಮೊದಲೇ ಕಾಗದ ಬರೆದು ತಿಳಿಸಿದ ಹಾಗೆ” ಎಂದಳು ಡೋನಾ. “ಶನಿವಾರ ತಡೆದರೆ ಆಡ್ತೀಯ. ಇಲ್ಲದಿದ್ದರೆ ನೀರಿನ ಬಾಟಲಿ ಹಂಚು.”

ಆ ಊರಿನಲ್ಲಿ ನನಗಾಗಿ ಯಾರಾದರೂ ಕಾಯುತ್ತಿದ್ದ ಜಾಗ ಆ ಮೈದಾನ ಒಂದೇ.

ಮುಂಡರಗಿಯಲ್ಲಿ ಈಗ ಹುಡುಗಿಯರಿಗೆ ಕಬಡ್ಡಿ ಕಲಿಸುವ ನೀಲಕ್ಕ ಒಂದು ಕಾಲದಲ್ಲಿ ನಮ್ಮ ತಂಡದ ನಾಯಕಿ. ಅವಳಿಗೆ ನನ್ನ ಆಟದ ವಿಡಿಯೋ ಕಳಿಸಿ ಫೋನ್ ಮಾಡಿದೆ.

“ಯವ್ವಾ, ಆಕಿನ್ನ ಯಾಕ ಹಂಗ ಅಪ್ಕೊಂಡೀಲೇ? ಆಕಿ ಏನ್ ನಿಮ್ಮ ಕಾಕಾನ ಮಗಳೇನ?”

“ಕೈ ತಾನ ಹೋಗತೈತಿ ಅಕ್ಕಾ.”

“ಹಿಡೀಬ್ಯಾಡ. ತಡಿ.”

ತಡೆದೆ. ಫೋನು ಕಿವಿಗಿಟ್ಟು ಅರ್ಧ ನಿಮಿಷ ಸುಮ್ಮನೆ ನಿಂತೆ. “ಇನ್ನೂ ಎಷ್ಟೊತ್ತು ತಡೀಲಿ ಅಕ್ಕಾ?”

“ಅಯ್ಯ ಹುಚ್ಚಿ! ಫೋನಿನ್ಯಾಗ ಅಲ್ಲ, ಆಕಿನ್ನ ತಡಿ ಅಂದ್ನಿ!”

ನಮ್ಮ ಕಡೆ ಕಾಯಲಿಕ್ಕೂ ತಡಿ, ಅಡ್ಡಗಟ್ಟಲಿಕ್ಕೂ ತಡಿ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನಕ್ಕು ಮುಗಿದ ಮೇಲೆ ವಿಡಿಯೋ ಮತ್ತೆ ನೋಡಿದೆ. ನಾನು ಒಮ್ಮೆಯೂ ಕಾದಿರಲಿಲ್ಲ. ಆಕೆ ಹತ್ತಿರ ಬರುವ ಮೊದಲೇ ಕೈ ಚಾಚಿದ್ದೆ. ಚಾಚಿದ ಕೈಗೆ ಹಿಡಿಯುವುದು ಬಿಟ್ಟು ಬೇರೆ ದಾರಿ ಇರಲಿಲ್ಲ.

ಶನಿವಾರ ಎದುರಿಗೆ ಐವತ್ನಾಲ್ಕು ನಂಬರಿನ ಅಂಗಿ ತೊಟ್ಟ ದಪ್ಪ ಹೆಂಗಸು. “ತಡಿ” ಎಂದು ನನಗೇ ಹೇಳಿಕೊಂಡು ಮೊಣಕಾಲು ಬಗ್ಗಿಸಿದೆ. ಆಕೆ ಬಂದು ಅಪ್ಪಳಿಸಿದಾಗ ಹಲ್ಲು ಕಟಕಟ ಅಂದವು. ಅಂಗೈ ಆಕೆಯ ಎದೆಯ ಮೇಲಿತ್ತು, ಬೆರಳು ಬಿಚ್ಚಿದ್ದವು. ಚೆಂಡು ಹಿಡಿದ ನಮ್ಮ ಓಟಗಾರ್ತಿ ನನ್ನ ಬೆನ್ನ ಹಿಂದಿನಿಂದ ದಾಟಿ ಹೋದಳು. ಹಳದಿ ವಸ್ತ್ರ ಬೀಳಲಿಲ್ಲ. ಮತ್ತೆ ಹಾಗೆಯೇ. ಮತ್ತೆ.

ಕೊನೆಗೆ ಡೋನಾ ಹೊಸ ಆಟ ಹೇಳಿದಳು: ಮೊದಲು ತಡೆ, ಆಮೇಲೆ ನುಣುಚಿಕೋ. ನಾನು ತಡೆದ ಕೂಡಲೇ ಐವತ್ನಾಲ್ಕರಾಕೆ ಅಭ್ಯಾಸದಂತೆ ಓಟಗಾರ್ತಿಯನ್ನು ಹುಡುಕಿ ಒಳಕ್ಕೆ ತಿರುಗಿದಳು. ಒಂದು ತಡಿ, ಎರಡು ತಡಿ, ಬಿಟ್ಟು ಓಡಿದೆ. ಮೇಲೆ ಚೆಂಡು, ಸುತ್ತ ಯಾರೂ ಇಲ್ಲ. ಹಿಡಿದು ಅಂಕದ ಗೆರೆ ದಾಟಿದೆ.

“ಟಾಡಿ! ಟಾಡಿ!” ಎನ್ನುತ್ತ ಎಲ್ಲರೂ ಮೈಮೇಲೆ ಬಿದ್ದರು. ನಾನು “ತಡಿ, ತಡಿ” ಎಂದು ಗೊಣಗುತ್ತಿದ್ದುದು ಅವರಿಗೂ ಕೇಳಿಸಿತ್ತು. ಅಂದಿನಿಂದ ಇಲ್ಲಿ ಅದೇ ನನ್ನ ಹೆಸರು.

ಮರುದಿನ ಬೆಳಿಗ್ಗೆ ಮೈದಾನದ ಬೇಲಿಯ ಬಳಿ ನಿಂತು ನೀಲಕ್ಕನಿಗೆ ಎಲ್ಲ ಹೇಳಿದೆ. “ಭಾಳ ಚಲೋ ಆತು ಬಿಡು,” ಎಂದಳು. “ಮತ್ತ ಊರಿಗೆ ಯಾವಾಗ ಬರ್ತೀ?”

“ತಡಿ ಅಕ್ಕಾ,” ಎಂದೆ.

“ಟಾಡಿ!” ಎಂದು ಬೆನ್ನ ಹಿಂದೆ ಡೋನಾ ಕೂಗಿದಳು. ಫೋನಿನಲ್ಲಿ ನೀಲಕ್ಕ ಉತ್ತರಕ್ಕೆಂದು ತಡೆದಿದ್ದಳು. ಯಾರಿಗೆ ಓಗೊಡಬೇಕೆಂದು ತಿಳಿಯದೆ ಇಬ್ಬರಿಗೂ ಒಮ್ಮೆಲೇ “ಬಂದೆ” ಎಂದೆ.